ಡಬ್ಬಿಯ ಮೇಲಿನ ಅಂಕಕ್ಕೆ ಹೊಣೆ ಯಾರು?

ಐದನೇ ಜಾರ್ಜ್ ದೊರೆಯ ತಲೆಯಿರುವ 1918ರ ಬೆಳ್ಳಿ ರೂಪಾಯಿ ಅಪರೂಪದ್ದೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಮುಂಬಯಿ, ಕಲ್ಕತ್ತದ ಟಂಕಸಾಲೆಗಳು ಅದನ್ನು ಕೋಟಿಗಟ್ಟಲೆ ಅಚ್ಚು ಹಾಕಿದವು. ಊರುಬಿಟ್ಟು ಮುಂಬಯಿ ಸೇರಿದ ಎಷ್ಟೋ ಕನ್ನಡ, ತುಳು ಮನೆಗಳ ಟ್ರಂಕಿನ ತಳದಲ್ಲಿ ಅಜ್ಜಿಯ ಕಾಲದ ಇಂಥ ಎರಡು ಮೂರು ರೂಪಾಯಿ ಇರುತ್ತವೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಬಂದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ಒಳಗೆ ಹೋಗುತ್ತವೆ. ಡೊಂಬಿವಲಿಯ ಯಾವ ಸರಾಫನ ಬಳಿ ಒಯ್ದರೂ ಆತ ತಕ್ಕಡಿಗೆ ಹಾಕಿ ಬೆಳ್ಳಿಯ ಬೆಲೆ ಹೇಳುತ್ತಾನೆ. ಆದರೆ ಅದೇ ವರ್ಷದ ಅದೇ ರೂಪಾಯಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತು, ಹೊಲೊಗ್ರಾಮ್, ಕ್ಯೂಆರ್ ಕೋಡ್, ‘ಎಂಎಸ್ 64’ ಎಂಬ ಅಂಕವನ್ನು ತಲೆಯ ಮೇಲೆ ಹೊತ್ತು ಮೊಬೈಲಿನ ಪರದೆಯಲ್ಲಿ ಬಂದಾಗ ಬೆಲೆ ಹಲವು ಪಟ್ಟು ಏರಿರುತ್ತದೆ. ಅಂಕ ಕೊಟ್ಟ ಕಂಪನಿಯ ಹೆಸರು ಮೂರೋ ನಾಲ್ಕೋ ಇಂಗ್ಲಿಷ್ ಅಕ್ಷರ. ಎಲ್ಲೋ ಕೇಳಿದ ಹಾಗೆ ಅನ್ನಿಸುತ್ತದೆ, ಆದರೆ ಕೇಳಿರುವುದಿಲ್ಲ.

ಇಂಥ ಕಂಪನಿಗಳನ್ನು ನಂಬಬಹುದೇ ಎಂಬುದು ಠಾಣೆಯಿಂದ ಕಲ್ಯಾಣದವರೆಗೆ, ಆಚೆ ನವಿಮುಂಬಯಿಯವರೆಗೆ ನಾಣ್ಯ ಕೂಡಿಡುವವರ ನಡುವೆ ಈಗ ಪದೇ ಪದೇ ಬರುವ ಪ್ರಶ್ನೆ. ಆದರೆ ಕಂಪನಿಯವರು ಒಳ್ಳೆಯವರೋ ಕೆಟ್ಟವರೋ ಎಂದು ವಿಚಾರಿಸಿ ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ಕೇಳಬೇಕಾದ್ದು ಇಷ್ಟೇ: ಅವರು ಕೊಟ್ಟ ಅಂಕ ನಾಳೆ ತಪ್ಪಾದರೆ ಯಾರ ಕಿಸೆಯಿಂದ ದುಡ್ಡು ಹೋಗುತ್ತದೆ?

ನಾಣ್ಯ ನೋಡಿ ಬೆಲೆ ಕಟ್ಟುವ ಕಸುಬು ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯಗಳನ್ನು ಪರೀಕ್ಷಿಸಲು ರೂಪದರ್ಶಕನೆಂಬ ಅಧಿಕಾರಿಯೇ ಇದ್ದಾನೆ. ಪ್ರಾಚೀನ ಬೆಳ್ಳಿ ನಾಣ್ಯಗಳ ಮೈಮೇಲೆ, ರಾಜಮುದ್ರೆಯ ಪಕ್ಕದಲ್ಲೇ, ಸರಾಫರು ಪರೀಕ್ಷಿಸಿ ಒತ್ತಿದ ಸಣ್ಣ ಸಣ್ಣ ಗುರುತುಗಳಿರುತ್ತವೆ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಡಳಿತದ ಉದ್ದಗಲಕ್ಕೂ ಒಂದೇ ರೂಪಾಯಿ ತರುವ ತನಕ ಪೇಟೆಗೊಂದು ರೂಪಾಯಿ. ಸವಕಲು ನಾಣ್ಯಕ್ಕೆ ಇಷ್ಟು, ಪರಊರಿನ ನಾಣ್ಯಕ್ಕೆ ಇಷ್ಟು ಎಂದು ಸರಾಫ ಬಟ್ಟಾ ಮುರಿದುಕೊಳ್ಳುತ್ತಿದ್ದ. ಅವನ ಮೇಲೆ ಜನಕ್ಕೆ ಪ್ರೀತಿಯೇನೂ ಇರಲಿಲ್ಲ. ಆದರೂ ಅವನ ಮಾತು ನಡೆಯುತ್ತಿತ್ತು. ಖೋಟಾ ರೂಪಾಯಿಯನ್ನು ಚೊಕ್ಕವೆಂದು ಒಪ್ಪಿಕೊಂಡರೆ ನಷ್ಟ ಅವನ ಗಂಟಿಗೇ ಬೀಳುತ್ತಿತ್ತಲ್ಲ.

ಇಂದಿನ ಒಂದರಿಂದ ಎಪ್ಪತ್ತರ ಅಂಕದ ಕತೆ ಬೇರೆ. ಅದನ್ನು 1949ರಲ್ಲಿ ಹುಟ್ಟಿಸಿದವನು ವಿಲಿಯಂ ಶೆಲ್ಡನ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞ. ಮನುಷ್ಯರ ಮೈಕಟ್ಟಿಗೂ ಅಂಕ ಕೊಟ್ಟು ಅದರಿಂದ ಸ್ವಭಾವ ಹೇಳಬಹುದೆಂದು ನಂಬಿದ್ದ ಆಸಾಮಿ. ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗೆ ಅವನು ಮಾಡಿದ ಲೆಕ್ಕ ಸರಳ: ತೀರಾ ಸವೆದ ನಾಣ್ಯಕ್ಕೆ ಒಂದು ಡಾಲರ್ ಬೆಲೆಯಾದರೆ, ಅದೇ ಜಾತಿಯ ಅಪ್ಪಟ ನಾಣ್ಯಕ್ಕೆ ಎಪ್ಪತ್ತು ಡಾಲರ್. ಅಂದರೆ ಅಂಕ ಹುಟ್ಟಿದ್ದೇ ಬೆಲೆಯ ಲೆಕ್ಕವಾಗಿ, ಗುಣದ ಅಳತೆಯಾಗಿ ಅಲ್ಲ. ಇನ್ನೂ ಸ್ವಾರಸ್ಯದ ಸಂಗತಿ ಶೆಲ್ಡನ್ ಸತ್ತ ಮೇಲೆ ಹೊರಬಂತು. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ಸೆಂಟುಗಳನ್ನು ಎತ್ತಿ, ಆ ಜಾಗದಲ್ಲಿ ತನ್ನ ಕಳಪೆ ಸೆಂಟುಗಳನ್ನು ಇಟ್ಟು ಬಂದಿದ್ದನಂತೆ ಮಹಾಶಯ. ದರ್ಜೆಯ ವ್ಯತ್ಯಾಸ ಅವನಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು!

ಆ ಮಾಪಕ ವ್ಯಾಪಾರವಾಗಿದ್ದು 1980ರ ದಶಕದಲ್ಲಿ. ಮಾರುವವನೇ ದರ್ಜೆ ಹೇಳುವ ಪದ್ಧತಿಯಲ್ಲಿ ಮಾರುವಾಗ 65 ಆಗಿದ್ದ ನಾಣ್ಯ ಮರಳಿ ಕೊಳ್ಳುವಾಗ 63 ಆಗಿಬಿಡುತ್ತಿತ್ತು. ಈ ಆಟಕ್ಕೆ ಬೇಸತ್ತ ಡೀಲರುಗಳೇ ಸೇರಿ 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಿಸಿಜಿಎಸ್ ಕಂಪನಿ ಕಟ್ಟಿದರು. ಮರುವರ್ಷ ಎನ್‌ಜಿಸಿ ಬಂತು. ಮೊಹರು ಮಾಡಿದ ಡಬ್ಬಿಯನ್ನು ಸಂಗ್ರಾಹಕರು ಈಗ ಸ್ಲ್ಯಾಬ್ ಎನ್ನುತ್ತಾರೆ. ಆದರೆ ಹೊಸತನ ಡಬ್ಬಿಯಲ್ಲಿರಲಿಲ್ಲ, ಅದರ ಜೊತೆ ಬಂದ ಲಿಖಿತ ಖಾತರಿಯಲ್ಲಿತ್ತು. ನಾಣ್ಯ ನಕಲಿಯೆಂದೋ ದರ್ಜೆ ಹೆಚ್ಚಾಯಿತೆಂದೋ ಸಿದ್ಧವಾದರೆ ಕಂಪನಿ ಹಣ ತೆರುತ್ತದೆ. ಮುಂಬಯಿಯ ಸರಾಫನ ಗಂಟು ಅಮೆರಿಕದಲ್ಲಿ ಹೀಗೆ ಮರುಹುಟ್ಟು ಪಡೆಯಿತು ಅನ್ನಿ.

ದೊಡ್ಡವರು ದೇವರೇನಲ್ಲ. ತನ್ನ ದರ್ಜೆ ವಸ್ತುನಿಷ್ಠ, ಎಲ್ಲ ಕಾಲಕ್ಕೂ ಒಂದೇ ಸಮ ಎಂದು ಜಾಹೀರಾತು ಕೊಟ್ಟ ಪಿಸಿಜಿಎಸ್ ಮೇಲೆ 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತು. ಕಂಪನಿ ಆಯೋಗದ ಜೊತೆ ಒಪ್ಪಂದ ಮಾಡಿಕೊಂಡು ಜಾಹೀರಾತಿನ ಸ್ವರ ತಗ್ಗಿಸಿತು. 2003ರಲ್ಲಿ ‘ಕಾಯಿನ್ ವರ್ಲ್ಡ್’ ಪತ್ರಿಕೆ ಅವೇ ನಾಣ್ಯಗಳನ್ನು ಒಂದರ ನಂತರ ಒಂದರಂತೆ ಹಲವು ಗ್ರೇಡಿಂಗ್ ಸೇವೆಗಳಿಗೆ ಕಳಿಸಿ ನೋಡಿತು. ಎಲ್ಲರೂ ಒಂದೇ ಅಂಕ ಕೊಟ್ಟ ನಾಣ್ಯ ಒಂದೂ ಇರಲಿಲ್ಲ. ಒಬ್ಬರು ಚೊಕ್ಕ ಎಂದ ನಾಣ್ಯವನ್ನು ಇನ್ನೊಬ್ಬರು ಉಜ್ಜಿ ತೊಳೆದದ್ದೆಂದು ತಿರಸ್ಕರಿಸಿದ್ದೂ ಉಂಟು. 64 ಬಂದರೆ ಡಬ್ಬಿ ಒಡೆದು 65 ಬರುವವರೆಗೂ ಮತ್ತೆ ಮತ್ತೆ ಕಳಿಸುವುದು ಅಲ್ಲಿ ಒಂದು ಉದ್ಯೋಗವೇ ಆಯಿತು. ಕೊನೆಗೆ, ಎನ್‌ಜಿಸಿ ಕಟ್ಟಿದ ಜಾನ್ ಅಲ್ಬನೀಸ್ ಅವರೇ 2007ರಲ್ಲಿ ಸಿಎಸಿ ಎಂಬ ಇನ್ನೊಂದು ಸಂಸ್ಥೆ ತೆರೆದರು. ಉಳಿದವರು ಕೊಟ್ಟ ಅಂಕ ಸರಿಯಿದ್ದರೆ ಡಬ್ಬಿಯ ಮೇಲೊಂದು ಹಸಿರು ಚೀಟಿ ಅಂಟಿಸುವುದೇ ಅದರ ಕೆಲಸ. ಪಂಚರ ಮೇಲೆ ಪಂಚರು! ಇಷ್ಟಾದರೂ ಪೇಟೆ ಪಿಸಿಜಿಎಸ್, ಎನ್‌ಜಿಸಿ ಎಂಬ ಎರಡು ಹೆಸರುಗಳನ್ನು ಒಪ್ಪುತ್ತದೆ. ತಪ್ಪು ಮಾಡಿದಾಗ ಅವರು ದುಡ್ಡು ತೆತ್ತದ್ದನ್ನು ಪೇಟೆ ಕಂಡಿದೆ.

ಹಾಗಾದರೆ ನಮ್ಮ ನಾಣ್ಯಗಳನ್ನೂ ಅವರಿಗೇ ಕಳಿಸಿದರಾಯಿತಲ್ಲ? ಇಲ್ಲೇ ನಮ್ಮ ದೇಶದ ತೊಡಕು ಬರುವುದು.

1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಯಾವ ನಾಣ್ಯವೂ ಪುರಾತನ ವಸ್ತು. ಅದನ್ನು ದೇಶದ ಹೊರಗೆ ಕಳಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ಸಂಸ್ಥೆಗೆ ಮಾತ್ರ. ಉಳಿದವರು ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ. ‘ಅಂಕ ಹಾಕಿಸಿ ವಾಪಸು ತರಿಸುತ್ತೇನೆ’ ಎಂಬ ಸಮಜಾಯಿಷಿ ಕಸ್ಟಮ್ಸ್ ಕಟ್ಟೆಯಲ್ಲಿ ನಡೆಯುವುದಿಲ್ಲ. ಈ ನೂರು ವರ್ಷದ ಗೆರೆ ನಿಂತಲ್ಲಿ ನಿಲ್ಲುವುದೂ ಇಲ್ಲ, ವರ್ಷಕ್ಕೊಂದು ಹೆಜ್ಜೆ ಮುಂದೆ ಬರುತ್ತದೆ. ಐದನೇ ಜಾರ್ಜನ ಒಂದು ರೂಪಾಯಿ ಚಲಾವಣೆಗೆಂದು ಅಚ್ಚಾದದ್ದು 1911ರಿಂದ 1922ರವರೆಗೆ. ಅಂದರೆ ಆ ಸರಣಿ ಪೂರ್ತಿಯಾಗಿ ಈಗ ಗೆರೆಯಾಚೆ ಇದೆ. ಬ್ರಿಟಿಷ್ ಕಾಲದ ರೂಪಾಯಿಗಳಲ್ಲಿ ಹೊರದೇಶದ ಅಂಚೆ ಹತ್ತಬಲ್ಲವು ಆರನೇ ಜಾರ್ಜನ 1938ರಿಂದ 1947ರವರೆಗಿನವು ಮಾತ್ರ.

ಇತಿಹಾಸದ ಚೇಷ್ಟೆಯೊಂದು ಇಲ್ಲಿ ನೆನಪಾಗುತ್ತದೆ. 1918ರಲ್ಲಿ ಭಾರತದಲ್ಲಿ ಬೆಳ್ಳಿಗೆ ಅಭಾವ ಬಿದ್ದಾಗ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ ತನ್ನದೇ ಸುಮಾರು 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಪಾಲು ಬ್ರಿಟನ್ನಿನ ಮೂಲಕ ಇಲ್ಲಿನ ಟಂಕಸಾಲೆಗಳಿಗೆ ಬಂತು. ಅಮೆರಿಕದ ಡಾಲರ್ ಕರಗಿ ಆದ ರೂಪಾಯಿ ಇಂದು ಅಂಕ ಹಾಕಿಸಿಕೊಳ್ಳಲು ಅಮೆರಿಕಕ್ಕೆ ಹೋಗುವಂತಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ದೊಡ್ಡವರ ಖಾತರಿಯೂ ಕೈಬಿಡುತ್ತದೆ. ಎನ್‌ಜಿಸಿಯ ಪ್ರಾಚೀನ ನಾಣ್ಯ ವಿಭಾಗ ದರ್ಜೆ ಹೇಳುತ್ತದೆ, ಅಚ್ಚಿಗೂ ಮೇಲ್ಮೈಗೂ ಐದರಲ್ಲಿ ಅಂಕ ಕೊಡುತ್ತದೆ; ಆದರೆ ನಾಣ್ಯ ಅಸಲಿ ಎಂಬುದಕ್ಕೆ ಹಣದ ಖಾತರಿ ಕೊಡುವುದಿಲ್ಲವೆಂದು ನಿಯಮದಲ್ಲೇ ಬರೆದುಕೊಂಡಿದೆ. ಕನ್ನಡದ ಸಂಗ್ರಾಹಕ ಆಸೆಪಡುವ ಸರಕನ್ನು ನೆನೆಯಿರಿ: ಹೊಯ್ಸಳ ದೊರೆ ವಿಷ್ಣುವರ್ಧನನ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡ ಲಿಪಿಯಲ್ಲೇ ಬರೆದ ಹೊನ್ನು, ವಿಜಯನಗರದ ವರಾಹ, ಟಿಪ್ಪುವಿನ ಆನೆಯ ಕಾಸು. ಈ ಸರಕಿಗೆ ಜಗತ್ತಿನ ಅತಿ ದೊಡ್ಡ ಕಂಪನಿಗಳ ರಕ್ಷಣೆ ಒಂದೋ ಸಿಗುವುದಿಲ್ಲ, ಸಿಕ್ಕರೂ ಅರೆಬರೆ. ಈ ಖಾಲಿ ಜಾಗದಲ್ಲೇ ದೇಶದೊಳಗಿನ ಸಣ್ಣಪುಟ್ಟ ಗ್ರೇಡಿಂಗ್ ಸೇವೆಗಳು ತಲೆಯೆತ್ತಿರುವುದು. ಅವುಗಳನ್ನೆಲ್ಲ ಮೋಸವೆಂದು ತಳ್ಳಿಹಾಕುವುದು ಸೋಮಾರಿತನ. ಬೇಡಿಕೆ ನಿಜ, ಕಾನೂನಿನ ಅಡ್ಡಗೋಡೆ ನಿಜ, ನಕಲಿ ನಾಣ್ಯಗಳ ಹಾವಳಿಯಂತೂ ಇನ್ನೂ ನಿಜ.

ಅನುಮಾನ ಪಡಬೇಕಾದದ್ದು ಒಂದೇ ಚೀಟಿಯಲ್ಲಿ ಅವರು ಎರಡು ಬೇರೆ ಬೇರೆ ಮಾತು ಹೇಳುವುದನ್ನು. ಇದು ಅಸಲಿ ಎಂಬುದು ಒಂದು. ಇದು 64 ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪುರಾವೆ ಇದೆ. ಬ್ರಿಟಿಷ್ ಭಾರತದ ಬೆಳ್ಳಿ ರೂಪಾಯಿ 180 ಗ್ರೇನ್, ಅಂದರೆ 11.66 ಗ್ರಾಂ, ಅರ್ಧ ರೂಪಾಯಿ 5.83 ಗ್ರಾಂ, 1939ರವರೆಗೆ ಬೆಳ್ಳಿ ಸಾವಿರಕ್ಕೆ 917 ಪಾಲು, 1940ರಿಂದ ಅರ್ಧಕ್ಕರ್ಧ. ಕಲ್ಯಾಣದ ಯಾವುದೇ ಚಿನ್ನಬೆಳ್ಳಿ ಅಂಗಡಿಯ ತಕ್ಕಡಿ ತೂಕ ಹೇಳುತ್ತದೆ, ಎಕ್ಸ್‌ರೇ ಯಂತ್ರವಿದ್ದ ಕಡೆ ಲೋಹದ ಪಾಲೂ ಗೊತ್ತಾಗುತ್ತದೆ. ಎರಕದ ನಕಲು ಇಷ್ಟರಲ್ಲೇ ಸಿಕ್ಕಿಬೀಳುವುದು ಹೆಚ್ಚು. 1939ರ ಬೆಳ್ಳಿ ರೂಪಾಯಿಯಂಥ ಅಪರೂಪದ ನಾಣ್ಯಕ್ಕೆ ಮಾತ್ರ ತೂಕ ಸಾಲದು. ಅಸಲಿ ಬೆಳ್ಳಿಯ ಬೇರೆ ವರ್ಷದ ನಾಣ್ಯದಲ್ಲಿ ಕೊನೆಯ ಅಂಕಿ ತಿದ್ದಿದ್ದರೆ ತಕ್ಕಡಿಗೆ ಅದು ಕಾಣುವುದಿಲ್ಲ, ಭೂತಗನ್ನಡಿಯೇ ಬೇಕು. ಒಟ್ಟಿನಲ್ಲಿ ಸಣ್ಣ ಕಂಪನಿಯಲ್ಲಿ ಒಬ್ಬ ಬಲ್ಲವನಿದ್ದರೆ ಈ ಮೊದಲ ಮಾತನ್ನು ನಂಬಿಕೆಯಿಂದ ಹೇಳಬಲ್ಲ. ನಾವೂ ಬೇಕಾದರೆ ತಾಳೆ ನೋಡಬಲ್ಲೆವು.

ಎರಡನೆಯ ಮಾತು ಬರೀ ಅಭಿಪ್ರಾಯ. ಅರವತ್ತರಿಂದ ಮೇಲೆ ಎಪ್ಪತ್ತರವರೆಗಿನ ‘ಎಂಎಸ್’, ಅಂದರೆ ಮಿಂಟ್ ಸ್ಟೇಟ್, ಅಂಕವೆಲ್ಲ ಚಲಾವಣೆಗೇ ಬೀಳದ ನಾಣ್ಯಗಳಿಗೆ. ಅಲ್ಲಿ ಸವಕಳಿ ನೋಡುವುದಕ್ಕಿಲ್ಲ, ಚೀಲದಲ್ಲಿ ಒಂದಕ್ಕೊಂದು ತಾಗಿ ಆದ ಗೀರು, ಅಚ್ಚಿನ ಬಿಗಿ, ಮೈಮೇಲೆ ಸುತ್ತುವ ಬೆಳಕು ನೋಡಬೇಕು. 63ಕ್ಕೂ 64ಕ್ಕೂ ಇರುವ ಅಂತರ ಒಂದೇ ದಿನ ನೂರಾರು ನಾಣ್ಯ ನೋಡಿ ಪಳಗಿದ ಕಣ್ಣಿಗೆ ಮಾತ್ರ ಕಾಣುತ್ತದೆ, ಆ ಕಣ್ಣುಗಳೂ ಜಗಳಾಡುತ್ತವೆ. ಬೆಲೆ ಮಾತ್ರ ಈ ಎರಡನೆಯ ಮಾತಿಗೇ ಜೋತುಬಿದ್ದಿದೆ.

ಭಾರತದ ನಾಣ್ಯಗಳಿಗೆ ಕಣ್ಣಷ್ಟೇ ಸಾಲದು, ಓದೂ ಬೇಕು. 1862ನೇ ಇಸವಿ ಹೊತ್ತ ವಿಕ್ಟೋರಿಯಾ ರೂಪಾಯಿಗಳೆಲ್ಲ 1862ರವಲ್ಲ. ಅದೇ ಇಸವಿಯನ್ನು ಬದಲಿಸದೆ 1870ರ ದಶಕದ ಆರಂಭದವರೆಗೂ ಅಚ್ಚು ಹಾಕಿದರು. ಮುಂಬಯಿ ಟಂಕಸಾಲೆ ನಿಜವಾದ ವರ್ಷವನ್ನು ಸಣ್ಣ ಚುಕ್ಕಿಗಳಲ್ಲಿ ಗುರುತಿಸಿತು. ಚುಕ್ಕಿ ಎಣಿಸದವನು ಸರಿಯಾದ ಅಂಕವನ್ನು ತಪ್ಪು ನಾಣ್ಯಕ್ಕೆ ಕೊಟ್ಟ ಹಾಗಾಗುತ್ತದೆ. ಅದೇ ಟಂಕಸಾಲೆ ಇಪ್ಪತ್ತನೇ ಶತಮಾನದಲ್ಲೂ ಹಳೆಯ ಅಚ್ಚುಗಳಿಂದ ಮರುಮುದ್ರಣ ಮಾಡುತ್ತಿತ್ತು. ಕನ್ನಡಿಯಂತೆ ಹೊಳೆಯುವ ಅವು ಸರ್ಕಾರಿ ಟಂಕಸಾಲೆಯದ್ದೇ, ಆದರೆ ವಿಕ್ಟೋರಿಯಾ ಕಾಲದವಲ್ಲ. ಡಬ್ಬಿಯ ಚೀಟಿಯಲ್ಲಿ ‘ಮರುಮುದ್ರಣ’ ಎಂಬ ಮಾತು ಇದೆಯೋ ಇಲ್ಲವೋ ಎಂಬುದೇ ಆ ಕಂಪನಿಯ ಓದಿನ ಪರೀಕ್ಷೆ.

ಇನ್ನೊಂದು ಪರೀಕ್ಷೆ ತೊಳೆದ ನಾಣ್ಯದ್ದು. ನಮ್ಮ ಮನೆಗಳಲ್ಲಿ ಪೂಜೆಗೆ ಮುನ್ನ ರೂಪಾಯಿಯನ್ನು ಹುಣಸೆಹಣ್ಣಿನಿಂದಲೋ ಪಿತಾಂಬರಿಯಿಂದಲೋ ತಿಕ್ಕುವುದು ವಾಡಿಕೆ. ಪಿತಾಂಬರಿ ಠಾಣೆಯದ್ದೇ ಕಂಪನಿ. ದೀಪದ ಕಂಬಕ್ಕೂ ತಾಮ್ರದ ತಂಬಿಗೆಗೂ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ನಾಣ್ಯಕ್ಕೆ ಮಾತ್ರ ಉಜ್ಜುವ ಕೆಲಸವೇ ಶಾಪ. ಅಚ್ಚಿನಿಂದ ಬಂದ ಸಹಜ ಕಾಂತಿ ಒಮ್ಮೆ ಹೋದರೆ ಮರಳಿ ಬರುವುದಿಲ್ಲ. ದೊಡ್ಡ ಕಂಪನಿಗಳು ಇಂಥ ನಾಣ್ಯಕ್ಕೆ ಅಂಕ ನಿರಾಕರಿಸಿ, ‘ತೊಳೆದದ್ದು’ ಎಂದು ಚೀಟಿಯಲ್ಲೇ ಬರೆದು ಕೊಡುತ್ತವೆ. ಭಾರತದ ಹಳೆಯ ಬೆಳ್ಳಿಯಲ್ಲಿ ತಿಕ್ಕದೆ ಉಳಿದದ್ದು ಕಡಿಮೆ. ಹಾಗಿರುವಾಗ ಒಂದು ಸೇವೆಯ ಡಬ್ಬಿಗಳಲ್ಲಿ ‘ತೊಳೆದದ್ದು’, ‘ಗೀರಿದೆ’, ‘ಕೊಂಡಿ ತೆಗೆದದ್ದು’ ಎಂಬ ಚೀಟಿಗಳು ಕಾಣುವುದೇ ಇಲ್ಲವೆಂದರೆ, ಎಲ್ಲವೂ 62ರಿಂದ 66ರ ನಡುವೆ ಸಾಲುಗಟ್ಟಿ ಕೂತಿವೆ ಎಂದರೆ, ಆ ಸೇವೆ ನಾಣ್ಯ ನೋಡುತ್ತಿಲ್ಲ, ಕೊಟ್ಟ ಶುಲ್ಕ ನೋಡುತ್ತಿದೆ. ಬೇರೇನೂ ವಿಚಾರಿಸಲು ಪುರುಸೊತ್ತಿಲ್ಲದವರು ಇದೊಂದನ್ನು ನೋಡಿದರೆ ಸಾಕು ಎಂಬುದು ನನ್ನ ಅಭಿಮತ.

ಪುರುಸೊತ್ತಿದ್ದರೆ ಖಾತರಿಯ ಕಾಗದ ಓದಬೇಕು. ತಪ್ಪಾದರೆ ಎಷ್ಟು ಹಣ, ಎಷ್ಟು ದಿನದಲ್ಲಿ, ಯಾವ ಊರಿನ ಯಾವ ವಿಳಾಸದಿಂದ ಎಂದು ಬರೆದಿದೆಯೇ? ಅಥವಾ ‘ನಮ್ಮ ತಜ್ಞರ ಅಭಿಪ್ರಾಯ ಅಂತಿಮ’ ಎಂಬ ಒಂದೇ ಸಾಲಿದೆಯೇ? ಕಂಪನಿಯ ಒಡೆಯರೇ ನಾಣ್ಯ ವ್ಯಾಪಾರವನ್ನೂ ಮಾಡುತ್ತಾರೆಯೇ? ಮಾಡಿದರೆ 1986ಕ್ಕೆ ಮುಂಚಿನ ಆಟಕ್ಕೇ ಹೊಸ ಡಬ್ಬಿ ತೊಡಿಸಿದಂತೆ. ಕ್ಯೂಆರ್ ಕೋಡ್ ಒತ್ತಿದರೆ ಬರೀ ಅಂಕ ಬರುತ್ತದೋ, ನಾಣ್ಯದ ಎರಡೂ ಮುಖದ ಫೋಟೊ ಬರುತ್ತದೋ ನೋಡಬೇಕು. ಫೋಟೊ ಇಲ್ಲದ ಸಂಖ್ಯೆಯನ್ನು ಯಾರು ಬೇಕಾದರೂ ಇನ್ನೊಂದು ಡಬ್ಬಿಗೆ ಹಚ್ಚಬಹುದು. ದೊಡ್ಡ ಹೆಸರುಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 2008ರ ಹೊತ್ತಿಗಾಗಲೇ ಪಿಸಿಜಿಎಸ್, ಎನ್‌ಜಿಸಿಯ ನಕಲಿ ಡಬ್ಬಿಗಳು ಚೀನಾದಿಂದ ಬರತೊಡಗಿ ಎರಡೂ ಕಂಪನಿಗಳು ಎಚ್ಚರಿಕೆ ಕೊಡಬೇಕಾಯಿತು.

ಈ ವಿಚಾರಣೆಯನ್ನು ಕೊಳ್ಳುವವನೇ ಮಾಡಬೇಕಾಗಿರುವುದು ಬೇರೆ ಯಾರೂ ಮಾಡುತ್ತಿಲ್ಲವೆಂದು. ನೆರೂಳಿನಲ್ಲೋ ವಾಶಿಯಲ್ಲೋ ಒಂದು ಜೊತೆ ಬಂಗಾರದ ಬಳೆ ಕೊಂಡರೆ ಅದರ ಮೇಲೆ ಬಿಐಎಸ್ ಮುದ್ರೆಯ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಲೇಬೇಕು. 2023ರ ಏಪ್ರಿಲ್‌ನಿಂದ ಅದಿಲ್ಲದೆ ಮಾರುವಂತಿಲ್ಲ. ಮುದ್ರೆ ಹಾಕುವ ಕೇಂದ್ರಕ್ಕೆ ಬಿಐಎಸ್ ಮಾನ್ಯತೆ ಬೇಕು, ಫೋನಿನ ಆ್ಯಪ್‌ನಲ್ಲಿ ಗಿರಾಕಿಯೇ ತಾಳೆ ನೋಡಬಹುದು. ನಾಣ್ಯಕ್ಕೆ ಅಂಕ ಹಾಕುವವರಿಗೆ ಅಂಥ ಪರವಾನಗಿ ಇಲ್ಲ, ಮೇಲ್ವಿಚಾರಕರೂ ಇಲ್ಲ. ವಿಚಿತ್ರವೆಂದರೆ ನೂರು ವರ್ಷ ದಾಟಿದ ನಾಣ್ಯವನ್ನು ಮಾರುವ ವ್ಯಾಪಾರಿಗೆ 1972ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಅದೇ ನಾಣ್ಯದ ಬೆಲೆಯನ್ನು ಒಂದು ಚೀಟಿಯಿಂದ ಏರಿಸುವವನಿಗೆ ಬೇಡ.

ಈ ಸಡಿಲಿನಲ್ಲೇ ಠಕ್ಕರೂ ನುಸುಳುತ್ತಾರೆ. ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತು ನೋಡದವರಿಲ್ಲ. ಫೋನ್ ಮಾಡಿದವರಿಗೆ ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ಪ್ರಮಾಣಪತ್ರದ ಶುಲ್ಕ ಎಂದು ಒಂದೊಂದಾಗಿ ಕೀಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿಕೊಂಡದ್ದು ಹೆಚ್ಚಾದಾಗ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿ, ಹಳೆಯ ನೋಟು-ನಾಣ್ಯಗಳ ಮಾರಾಟಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ, ಯಾರಿಗೂ ಅಂಥ ಅಧಿಕಾರ ಕೊಟ್ಟಿಲ್ಲ ಎಂದು ಹೇಳಬೇಕಾಯಿತು. ಗ್ರೇಡಿಂಗ್ ಸೇವೆಗೂ ಈ ದಂಧೆಗೂ ನೇರ ಸಂಬಂಧವಿಲ್ಲ. ಆದರೆ ಮಾರುವ ಮೊದಲು ಪ್ರಮಾಣಪತ್ರಕ್ಕೆ ಇಂತಿಷ್ಟು ಕಟ್ಟಿ ಎಂದು ಕೊಳ್ಳುವವನೇ ಹೇಳಿದರೆ, ಅಲ್ಲಿಗೆ ಫೋನ್ ಇಡುವುದು ಕ್ಷೇಮ.

ಈ ಹವ್ಯಾಸಕ್ಕೆ ಬಿದ್ದವರಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವರೂ ಇದ್ದಾರೆ. ದಿನವಿಡೀ ಕೈಗೆ ಬರುವ ಚಿಲ್ಲರೆಯಲ್ಲಿ ಇಸವಿಯ ಕೆಳಗೆ ವಜ್ರದಾಕೃತಿ ಇದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕಲ್ಕತ್ತ ಎಂದು ಆರಿಸಿ ತೆಗೆದಿಟ್ಟು ಕಣ್ಣು ಪಳಗಿಸಿಕೊಂಡವರು ಇವರು. ಇವರಿಗೆ ಡಬ್ಬಿ ಬೇಕಾಗುವುದು ಮಾರುವ ದಿನ ಬಂದಾಗ, ಅದಕ್ಕಿಂತ ಹೆಚ್ಚಾಗಿ ತಮ್ಮ ನಂತರ ಮಕ್ಕಳು ಮಾರಬೇಕಾದಾಗ. ನಾಣ್ಯದ ಗಂಧಗಾಳಿಯಿಲ್ಲದ ಮಗನೋ ಮಗಳೋ ಇಡೀ ಸಂಗ್ರಹವನ್ನು ಬೆಳ್ಳಿಯ ತೂಕಕ್ಕೆ ಕೊಟ್ಟುಬಿಡುವುದನ್ನು ಒಂದು ಸಣ್ಣ ಕಂಪನಿಯ ಡಬ್ಬಿಯೂ ತಡೆಯಬಲ್ಲದು. ‘ಇದರಲ್ಲಿ ಏನೋ ಇದೆ, ಇನ್ನೊಬ್ಬರನ್ನು ಕೇಳು’ ಎಂದಾದರೂ ಆ ಚೀಟಿ ಹೇಳುತ್ತದೆ. ಅಷ್ಟರ ಮಟ್ಟಿಗೆ ಅದಕ್ಕೆ ಬೆಲೆ ಇದೆ. ಆದರೆ ಸಾಧಾರಣ 1918ರ ರೂಪಾಯಿಗೆ ಶುಲ್ಕ, ಕೊರಿಯರ್, ವಿಮೆ ಸೇರಿಸಿ ಡಬ್ಬಿ ಮಾಡಿಸಿದರೆ ಖರ್ಚಾದರೂ ಹುಟ್ಟುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಕೊಳ್ಳುವ ಮುಂಚೆ ಮಾಡಬಹುದಾದ ಅಗ್ಗದ ಉಪಾಯವೊಂದಿದೆ. ಅದೇ ಕಂಪನಿಯ ಡಬ್ಬಿಯೊಂದನ್ನು ಸಂಬಂಧವಿಲ್ಲದ ಇಬ್ಬರು ಡೀಲರುಗಳಿಗೆ ಒಯ್ದು, ‘ಇದನ್ನು ಎಷ್ಟಕ್ಕೆ ಕೊಳ್ಳುತ್ತೀರಿ?’ ಎಂದು ಕೇಳುವುದು. ‘ಎಷ್ಟಕ್ಕೆ ಹೋಗಬಹುದು’ ಎಂದಲ್ಲ, ‘ನೀವು ಎಷ್ಟು ಕೊಡುತ್ತೀರಿ’ ಎಂದು. ಅವರು ಚೀಟಿಯ ಕಡೆ ನೋಡದೆ ಡಬ್ಬಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನಾಣ್ಯವನ್ನಷ್ಟೇ ನೋಡಿದರೆ, ಪೇಟೆಯಲ್ಲಿ ಆ ಕಂಪನಿಯ ಅಂಕದ ಬೆಲೆ ಎಷ್ಟೆಂಬುದು ಗೊತ್ತಾಗಿಹೋಗುತ್ತದೆ. ಕೋಟೆ ಪ್ರದೇಶದಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯವಿದೆ, 2004ರಲ್ಲಿ ತೆರೆದದ್ದು. ಸಿಎಸ್‌ಎಂಟಿಯಲ್ಲಿ ಇಳಿದರೆ ನಡೆದು ಹೋಗುವ ದೂರ. ಗಾಜಿನ ಹಿಂದಿನ ಅಸಲಿ ನಾಣ್ಯಗಳ ಅಕ್ಷರ, ಅಂಚು, ಅಚ್ಚಿನ ಆಳ ನೋಡಿಕೊಂಡು ಬಂದ ಮೇಲೆ ಚೋರ್ ಬಜಾರಿನ ಬಟ್ಟೆಯ ಮೇಲೆ ಹರವಿದ ರಾಶಿ ಬೇರೆಯೇ ಆಗಿ ಕಾಣುತ್ತದೆ.

ಹೊಯ್ಸಳ, ವಿಜಯನಗರದ ಬಂಗಾರಕ್ಕೆ ಕೈಹಾಕುವವರಿಗೆ ಮಾತ್ರ ಯಾವ ಡಬ್ಬಿಯೂ ನೆರವಾಗದು. ಮೈಸೂರಿನ ವಿದ್ವಾಂಸ ಎ.ವಿ. ನರಸಿಂಹಮೂರ್ತಿ ಅವರು ಕರ್ನಾಟಕದ ನಾಣ್ಯಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1975ರಲ್ಲಿ ಬಂತು. ಅಂಥ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ನಾಣ್ಯ ಎಲ್ಲಿಂದ ಬಂತು, ಹಿಂದೆ ಯಾವ ಹರಾಜಿನಲ್ಲಿ ಹೋಗಿತ್ತು ಎಂಬುದನ್ನು ರಸೀದಿಯ ಸಮೇತ ಹೇಳಿ, ನಕಲಿಯಾದರೆ ಹಣ ವಾಪಸು ಎಂದು ಬಿಲ್ಲಿನ ಮೇಲೆ ಬರೆದು ಸಹಿ ಹಾಕುವ ವ್ಯಾಪಾರಿ ಸಿಕ್ಕರೆ, ಅವನ ಬಳಿ ಪ್ಲಾಸ್ಟಿಕ್ ಇಲ್ಲದಿದ್ದರೂ ನಡೆಯುತ್ತದೆ.